ಮದ್ಯ ತೊರೆದವನ ರಾತ್ರಿ



ರಾತ್ರಿಯನ್ನು ಹೊದಿಕೆಯಾಗಿಯೂ ನಿದ್ರೆಯನ್ನು ವಿಶ್ರಾಂತಿಯಾಗಿಯೂ ಮಾಡಿಕೊಟ್ಟಿರುವುದನ್ನು ಪವಿತ್ರ ಕುರ್‌ಆನ್ ಅಲ್ಲಾಹನ ಅನುಗ್ರಹಗಳ ಸಾಲಿನಲ್ಲಿ ಎಣಿಸುತ್ತದೆ. ದಿಂಬಿಗೆ ತಲೆಯಿಟ್ಟೊಡನೆ ಕಣ್ಣು ಮುಚ್ಚುವವನಿಗೆ ಈ ಅನುಗ್ರಹದ ಬೆಲೆ ತಿಳಿಯುವುದಿಲ್ಲ. ಮದ್ಯವನ್ನು ತೊರೆದು ಒಂದೆರಡು ವಾರವಾದವನನ್ನು ಕೇಳಿ ನೋಡಿ, ಅವನು ಹೇಳುತ್ತಾನೆ. ಹಗಲನ್ನು ಹೇಗೋ ಕಳೆದುಬಿಡುತ್ತಾನೆ. ಆದರೆ ಇಶಾ ಮುಗಿದು, ಮನೆಮಂದಿಯೆಲ್ಲ ಮಲಗಿದ ಮೇಲೆ ಅವನ ನಿಜವಾದ ಪರೀಕ್ಷೆ ಆರಂಭವಾಗುತ್ತದೆ.

ಮದ್ಯಪಾನ ನಮ್ಮ ಸಮುದಾಯದ ಸಮಸ್ಯೆಯಲ್ಲ ಎಂದು ಕೈ ತೊಳೆದುಕೊಳ್ಳುವವರಿದ್ದಾರೆ. ಹರಾಮ್ ಎಂದು ಎಲ್ಲರಿಗೂ ಗೊತ್ತಿರುವುದರಿಂದಲೇ ಅದು ನಮ್ಮಲ್ಲಿ ಹೆಚ್ಚು ಗುಟ್ಟಾಗಿ ನಡೆಯುತ್ತದೆ. ಗುಟ್ಟಾಗಿ ಕುಡಿದವನು ಗುಟ್ಟಾಗಿಯೇ ಬಿಡಲು ಹೆಣಗುತ್ತಾನೆ. ಬಿಡುವಾಗಿನ ಸಂಕಟವನ್ನು ಯಾರೊಡನೆ ಹೇಳಿಕೊಳ್ಳಲಿ ಎಂದು ತಿಳಿಯದೆ ಮೂರನೆಯ ರಾತ್ರಿಯೋ ಹತ್ತನೆಯ ರಾತ್ರಿಯೋ ಮತ್ತೆ ಅದೇ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಈ ಲೇಖನ ಅವನಿಗಾಗಿ ಮತ್ತು ಅವನ ಮನೆಯವರಿಗಾಗಿ.

ನಿದ್ದೆ ಬಾರದಿರುವುದು ತಿರಸ್ಕಾರದ ಗುರುತಲ್ಲ

"ತೌಬಾ ಮಾಡಿದೆ, ನಮಾಝ್ ಆರಂಭಿಸಿದೆ. ಆದರೂ ನನ್ನ ಮನಸ್ಸಿಗೆ ನೆಮ್ಮದಿಯಿಲ್ಲ, ಕಣ್ಣಿಗೆ ನಿದ್ದೆಯಿಲ್ಲ. ಅಲ್ಲಾಹನು ನನ್ನ ತೌಬಾವನ್ನು ಸ್ವೀಕರಿಸಿಲ್ಲವೇ?" ಇಂತಹ ಆಲೋಚನೆ ಬರುವುದು ಸಹಜ. ಶೈತಾನನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿಲ್ಲ. ಸ್ವತಃ ತಮ್ಮ ಮೇಲೆ ಅತಿರೇಕವೆಸಗಿಕೊಂಡವರೂ ಅಲ್ಲಾಹನ ಕಾರುಣ್ಯದ ಬಗ್ಗೆ ನಿರಾಶರಾಗಬಾರದೆಂದು ಕುರ್‌ಆನ್ ಕಲಿಸುತ್ತದೆ. ನಿದ್ದೆ ಬಾರದಿರುವುದಕ್ಕೆ ಕಾರಣ ದೇಹದಲ್ಲಿದೆ. ಅದನ್ನು ತೌಬಾದ ಫಲಿತಾಂಶವೆಂದು ಓದಬೇಡಿ.

ಮದ್ಯವು ಮೆದುಳನ್ನು ಮಂಕುಗೊಳಿಸುವ ವಸ್ತು. ದಿನವೂ ಅದನ್ನು ಕುಡಿದರೆ ಮೆದುಳು ಆ ಮಂಕನ್ನು ಎದುರಿಸಲು ತನ್ನ ಚುರುಕನ್ನು ಹೆಚ್ಚಿಸಿಕೊಳ್ಳುತ್ತದೆ. ಒಮ್ಮೆಲೇ ಮದ್ಯ ನಿಂತಾಗ ಮಂಕು ಹೋಗುತ್ತದೆ, ಹೆಚ್ಚಿದ ಚುರುಕು ಮಾತ್ರ ಉಳಿಯುತ್ತದೆ. ಎದೆ ಬಡಿದುಕೊಳ್ಳುವುದು, ಬೆವರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ನಿದ್ದೆ ಹತ್ತದಿರುವುದು ಎಲ್ಲವೂ ಇದರಿಂದಲೇ. ಮೊದಲ ವಾರದ ತೀವ್ರತೆ ಇಳಿದ ಮೇಲೂ ನಿದ್ರೆ ಹದಕ್ಕೆ ಬರಲು ವಾರಗಳು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಆದರೆ ಅದು ಹದಕ್ಕೆ ಬರುತ್ತದೆ.

"ಕುಡಿದಾಗ ಚೆನ್ನಾಗಿ ನಿದ್ದೆ ಬರುತ್ತಿತ್ತಲ್ಲ" ಎಂಬುದು ಇನ್ನೊಂದು ಮೋಸ. ಕುಡಿದವನ ಕಣ್ಣು ಬೇಗ ಮುಚ್ಚುತ್ತದೆ, ನಿಜ. ಆದರೆ ರಾತ್ರಿಯ ಎರಡನೆಯ ಭಾಗದಲ್ಲಿ ಅವನ ನಿದ್ರೆ ತುಂಡು ತುಂಡಾಗುತ್ತದೆ, ಗೊರಕೆ ಹೆಚ್ಚುತ್ತದೆ, ಬೆಳಿಗ್ಗೆ ಎದ್ದಾಗ ದಣಿವು ಹಾಗೆಯೇ ಇರುತ್ತದೆ. ಮದ್ಯವನ್ನು ಔಷಧಿಗಾಗಿ ತಯಾರಿಸುವ ಬಗ್ಗೆ ಒಬ್ಬ ಸಹಾಬಿ ವಿಚಾರಿಸಿದಾಗ ಪ್ರವಾದಿವರ್ಯರು(ಸ) ಅದು ಮದ್ದಲ್ಲ, ಅದೇ ರೋಗ ಎಂಬ ಅರ್ಥದ ಉತ್ತರ ನೀಡಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ನಿದ್ದೆಗೆಂದು ಕುಡಿಯುವವನಿಗೆ ಇದಕ್ಕಿಂತ ನೇರವಾದ ಮಾತು ಬೇರೆ ಬೇಕೇ?

ಮೊದಲು ವೈದ್ಯರು

ಇಲ್ಲಿ ಒಂದು ಎಚ್ಚರಿಕೆಯನ್ನು ಸ್ಪಷ್ಟವಾಗಿ ಹೇಳಲೇಬೇಕು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುತ್ತಿದ್ದವನು ವೈದ್ಯರಿಗೆ ತಿಳಿಸದೆ ಒಮ್ಮೆಲೇ ನಿಲ್ಲಿಸುವುದು ಅಪಾಯಕಾರಿ. ಕೊನೆಯ ಬಾರಿ ಕುಡಿದ ನಂತರದ ಮೊದಲ 2 ದಿನಗಳಲ್ಲಿ ಅಪಸ್ಮಾರದಂತಹ ಸೆಳವು ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಬುದ್ಧಿಭ್ರಮಣೆಯಾಗಿ ಇಲ್ಲದ್ದು ಕಾಣಿಸುತ್ತದೆ, ಮೈ ನಡುಗುತ್ತದೆ, ಜ್ವರ ಏರುತ್ತದೆ. ಇದನ್ನು ಜಿನ್ನ್ ಬಾಧೆಯೆಂದು ತಿಳಿದು ಮನೆಯಲ್ಲೇ ಇರಿಸಿಕೊಂಡರೆ ಪ್ರಾಣಕ್ಕೆ ಸಂಚಕಾರ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಸ್ಥಿತಿಗೆ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು.

ಚಿಕಿತ್ಸೆ ಪಡೆಯುವುದು ಸುನ್ನತ್‌ಗೆ ವಿರುದ್ಧವಲ್ಲ. ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ)ರೇ ಕಲಿಸಿದ್ದಾರೆ. ಆದರೆ ವೈದ್ಯರ ಚೀಟಿಯಿಲ್ಲದೆ ನಿದ್ರೆ ಮಾತ್ರೆ ತಂದು ನುಂಗಬೇಡಿ. ಅದೂ ಚಟವಾಗಬಲ್ಲದು. ಮದ್ಯದೊಡನೆ ಸೇರಿದರೆ ಉಸಿರನ್ನೇ ನಿಲ್ಲಿಸಬಲ್ಲದು.

ಸಂಜೆಯಿಂದಲೇ ರಾತ್ರಿಗೆ ಸಿದ್ಧತೆ

ಒಳ್ಳೆಯ ನಿದ್ದೆಗೆ ವೈದ್ಯರು ಹೇಳುವ ನಿಯಮಗಳನ್ನು ಕೇಳಿ, ಬಳಿಕ ನಮಾಝಿನ ವೇಳೆಗಳನ್ನು ನೋಡಿ. ದಿನವೂ ಒಂದೇ ಹೊತ್ತಿಗೆ ಏಳಬೇಕು ಎನ್ನುತ್ತಾರೆ. ಫಜ್ರ್ ನಮ್ಮನ್ನು ಎಬ್ಬಿಸುತ್ತದೆ. ರಾತ್ರಿ ಎಷ್ಟೇ ಕಡಿಮೆ ನಿದ್ದೆಯಾಗಿದ್ದರೂ ಫಜ್ರ್‌ಗೆ ಏಳಿ. ನಮಾಝ್ ಮುಗಿಸಿ ಬೆಳಗಿನ ಬೆಳಕಿನಲ್ಲಿ ಸ್ವಲ್ಪ ನಡೆಯಿರಿ. ಆ ಬೆಳಕೇ ದೇಹದ ಗಡಿಯಾರವನ್ನು ಸರಿಪಡಿಸುತ್ತದೆ. ಮಧ್ಯಾಹ್ನದ ಕೈಲೂಲಾ ಒಳ್ಳೆಯದೇ, ಆದರೆ ಈ ದಿನಗಳಲ್ಲಿ ಅದು ಅರ್ಧ ಗಂಟೆ ಮೀರದಿರಲಿ. ಅಸರ್ ಬಳಿಕ ಚಹಾ, ಕಾಫಿ ಬೇಡ. ಅದರ ಪ್ರಭಾವ ಐದಾರು ಗಂಟೆಯಾದರೂ ಉಳಿಯುತ್ತದೆ. ಬೀಡಿ, ಸಿಗರೇಟು ಕೂಡ ನಿದ್ದೆಯ ವೈರಿಗಳೇ.

ಕೆಲಸ ಮುಗಿಸಿ ಬರುವ ಸಂಜೆಯ ಹೊತ್ತು ಬಹಳ ನಾಜೂಕಾದುದು. ಕಾಲು ಹಳೆಯ ದಾರಿಯನ್ನೇ ನೆನೆಯುತ್ತದೆ. ಬೇರೆ ದಾರಿಯಲ್ಲಿ ಬನ್ನಿ. ಮಗ್ರಿಬ್ ಮಸೀದಿಯಲ್ಲಿ ಮಾಡಿ. ಹೊಟ್ಟೆ ಖಾಲಿಯಿದ್ದರೆ ಕುಡಿಯಬೇಕೆಂಬ ತುಡಿತ ಹೆಚ್ಚುತ್ತದೆ, ಆದ್ದರಿಂದ ಬೇಗ ಊಟ ಮಾಡಿ. ತುಡಿತವು ಅಲೆಯಂತೆ ಏರಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ಒಬ್ಬಂಟಿಯಾಗಿರಬೇಡಿ.

ಇಶಾಕ್ಕೆ ಮುನ್ನ ಮಲಗುವುದನ್ನೂ ಇಶಾದ ಬಳಿಕ ಹರಟುವುದನ್ನೂ ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲ. ಟಿ.ವಿ., ಮೊಬೈಲು, ಸಾಲದ ಲೆಕ್ಕ, ಮನೆಯ ಜಗಳ ಯಾವುದನ್ನೂ ಹಾಸಿಗೆಗೆ ತರಬೇಡಿ. ವುಝೂ ಮಾಡಿ, ಹಾಸಿಗೆ ಕೊಡವಿ, ಬಲಮಗ್ಗುಲಲ್ಲಿ ಮಲಗಿ. ದುಡಿದು ಬಳಲಿದ್ದ ಹ. ಫಾತಿಮಾ(ರ) ಸಹಾಯಕ್ಕೊಬ್ಬ ಸೇವಕನನ್ನು ಬಯಸಿದಾಗ ಪ್ರವಾದಿ(ಸ) ರಾತ್ರಿ ಅವರ ಮನೆಗೆ ಬಂದು, ಮಲಗುವಾಗ 33 ಬಾರಿ ಸುಬ್‌ಹಾನಲ್ಲಾಹ್, 33 ಬಾರಿ ಅಲ್‌ಹಮ್ದುಲಿಲ್ಲಾಹ್, 34 ಬಾರಿ ಅಲ್ಲಾಹು ಅಕ್ಬರ್ ಹೇಳುವುದು ಸೇವಕನಿಗಿಂತ ಉತ್ತಮ ಎಂದು ಕಲಿಸಿದರು. ಬಳಲಿದ ದೇಹಕ್ಕೆ ಕೊಟ್ಟ ಉಡುಗೊರೆ ಅದು. ಅವಸರವಿಲ್ಲದೆ, ಒಂದೊಂದು ಉಸಿರಿಗೆ ಒಂದೊಂದರಂತೆ ಹೇಳಿ. ಉಸಿರು ನಿಧಾನವಾದಂತೆ ಎದೆಯ ಬಡಿತವೂ ನಿಧಾನವಾಗುತ್ತದೆ.

ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹೊರಳಾಡುತ್ತಿರಬೇಡಿ. ಎದ್ದು ಮಂದ ಬೆಳಕಿನಲ್ಲಿ ಕುಳಿತು ಕುರ್‌ಆನ್ ಓದಿ, ಇಲ್ಲವೆ ಎರಡು ರಕ್‌ಅತ್ ನಮಾಝ್ ಮಾಡಿ. ಕಣ್ಣು ಭಾರವಾದಾಗ ಮಲಗಿ. ಆದರೆ ಹಳೆಯ ಪಾಪಕ್ಕೆ ದಂಡವೆಂಬಂತೆ ರಾತ್ರಿಯಿಡೀ ನಿಂತು ದೇಹವನ್ನು ದಂಡಿಸಬೇಡಿ. ದೇಹಕ್ಕೂ ಕಣ್ಣಿಗೂ ನಿಮ್ಮ ಮೇಲೆ ಹಕ್ಕಿದೆ ಎಂಬುದು ಪ್ರವಾದಿ(ಸ) ಕಲಿಸಿದ ಪಾಠ.

ಕೆಟ್ಟ ಕನಸುಗಳು

ಮದ್ಯವು ಕನಸು ಬೀಳುವ ನಿದ್ರೆಯ ಹಂತವನ್ನು ಅದುಮಿಡುತ್ತದೆ. ಬಿಟ್ಟಾಗ ಅದು ಇಮ್ಮಡಿಯಾಗಿ ಮರಳುತ್ತದೆ. ತಾನು ಮತ್ತೆ ಕುಡಿದಂತೆ ಕನಸು ಕಂಡು ಬೆವರಿ ಎದ್ದು ಕೂರುವವರು ಅನೇಕರಿದ್ದಾರೆ. "ವ್ರತ ಮುರಿದೆನೇ?" ಎಂದು ಅವರು ಕಂಗಾಲಾಗುತ್ತಾರೆ. ನಿದ್ರಿಸುವವನ ಮೇಲೆ ಎಚ್ಚರವಾಗುವ ತನಕ ಲೇಖನಿ ಎತ್ತಿಡಲಾಗಿದೆ ಎಂದು ಹದೀಸ್ ಇದೆ. ಆ ಕನಸು ಪಾಪವಲ್ಲ. ಅಲ್ಲಾಹನ ಅಭಯ ಯಾಚಿಸಿ ಮಗ್ಗುಲು ಬದಲಿಸಿ ಮಲಗಿ. ಕನಸಿನಲ್ಲಿ ಹೆದರಿದ್ದೇ ನಿಮ್ಮ ಮನಸ್ಸು ಯಾವ ಕಡೆಗಿದೆಯೆಂದು ತೋರಿಸುತ್ತದೆ.

ಮನೆಯವರಿಗೊಂದು ಮಾತು

ತಾಯಂದಿರೇ, ಸಹೋದರಿಯರೇ, ಅವನು ಕುಡಿಯುತ್ತಿದ್ದಾಗ ನೀವು ಉಂಡ ನೋವು ಸಣ್ಣದಲ್ಲ. ಅದನ್ನು ಮರೆತುಬಿಡಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಲೆಕ್ಕ ಕೇಳಲು ಈ ರಾತ್ರಿಗಳನ್ನು ಆರಿಸಬೇಡಿ. ಅವನು ಸಿಡುಕಿದರೆ, ಎದ್ದು ಓಡಾಡಿದರೆ "ಮತ್ತೆ ಕುಡಿದು ಬಂದೆಯಾ?" ಎಂದು ಕೂಡಲೇ ಕೇಳಬೇಡಿ. ಅವನು ಕೈ ಎತ್ತಿದರೆ ಮಾತ್ರ ಸಹಿಸಬೇಡಿ, ಹಿರಿಯರನ್ನು ಕರೆಯಿರಿ. ಸಹನೆಯೆಂದರೆ ಪೆಟ್ಟು ತಿನ್ನುವುದಲ್ಲ.

ಪ್ರವಾದಿ(ಸ)ರ ಕಾಲದಲ್ಲಿ ಮದ್ಯಪಾನಕ್ಕಾಗಿ ಶಿಕ್ಷೆಗೊಳಗಾಗಿದ್ದ ಒಬ್ಬ ವ್ಯಕ್ತಿಯನ್ನು ಅದೇ ತಪ್ಪಿಗಾಗಿ ಮತ್ತೆ ಕರೆತರಲಾಯಿತು. ಎಷ್ಟು ಬಾರಿ ಇವನನ್ನು ತರುವುದೆಂದು ಒಬ್ಬರು ಶಪಿಸಿದರು. ಪ್ರವಾದಿ(ಸ) ಅದನ್ನು ತಡೆದರು. ಆ ಮನುಷ್ಯ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನೆಂದು ಸಾಕ್ಷ್ಯ ನುಡಿದರು. ಇದು ಬುಖಾರಿಯಲ್ಲಿದೆ. ಶಿಕ್ಷೆ ತಪ್ಪಲಿಲ್ಲ, ಆದರೆ ಶಾಪಕ್ಕೆ ಅನುಮತಿಯೂ ಸಿಗಲಿಲ್ಲ. ಮತ್ತೆ ಮತ್ತೆ ಎಡವಿದವನ ಬಗ್ಗೆಯೇ ಹೀಗಾದರೆ, ಎದ್ದು ನಿಲ್ಲಲು ಹೆಣಗುತ್ತಿರುವವನನ್ನು ನಾವು ಹೇಗೆ ನಡೆಸಿಕೊಳ್ಳಬೇಕು?

ಸಹೋದರಾ, ಇಂದಿನ ರಾತ್ರಿ ನಿದ್ದೆ ಬಾರದೆ ಹೋಗಬಹುದು. ನಿದ್ದೆಯಿಲ್ಲದೆಯೂ ಕುಡಿಯದೆ ಫಜ್ರ್‌ನ ಬಾಂಗ್ ಕೇಳಿದರೆ ಆ ರಾತ್ರಿಯನ್ನು ನೀನು ಗೆದ್ದೆ. ಅಲ್ಲಾಹನು ಯಾರ ಮೇಲೂ ಅವನ ಸಾಮರ್ಥ್ಯ ಮೀರಿ ಹೊರೆ ಹೊರಿಸುವುದಿಲ್ಲ. ನಾಳೆಯ ರಾತ್ರಿಯನ್ನು ನಾಳೆ ನೋಡೋಣ.

ತೊರೆದವರನ್ನು ಅಲ್ಲಾಹನು ಸ್ಥಿರಗೊಳಿಸಲಿ, ತೊರೆಯಲು ಬಯಸುವವರಿಗೆ ದಾರಿ ತೋರಲಿ, ನಮ್ಮೆಲ್ಲರ ಮನೆಗಳ ರಾತ್ರಿಗಳಿಗೆ ಶಾಂತಿ ದಯಪಾಲಿಸಲಿ. ಆಮೀನ್.