ಪೂಜೆ ನಿಂತ ಕಲ್ಲು

ಪ್ರತಿಷ್ಠೆಗೊಂಡು ತಲೆಮಾರುಗಟ್ಟಲೆ ಪೂಜೆ ಕಂಡ ವಿಗ್ರಹ ವಸ್ತುಸಂಗ್ರಹಾಲಯಕ್ಕೆ ಬಂದ ಮೇಲೂ ದೇವರಾಗಿಯೇ ಉಳಿಯುತ್ತದೆಯೇ ಎಂಬ ಪ್ರಶ್ನೆ, ವಸ್ತುಸಂಗ್ರಹಾಲಯದವರೂ ಇತಿಹಾಸಕಾರರೂ ಒಂದೆಡೆ ಸೇರಿದಾಗಲೆಲ್ಲ ಒಂದಲ್ಲ ಒಂದು ವೇಷದಲ್ಲಿ ಎದುರಾಗುತ್ತದೆ. ವೇದಿಕೆಯ ಮೇಲೆ ಓದುವ ಪ್ರಬಂಧಗಳು ಕಾಲ, ಲಿಪಿ, ಶೈಲಿಗಳ ಸುತ್ತ ಇರುತ್ತವೆ. ಹೊಲ ಉಳುವಾಗ ಸಿಕ್ಕ ಮೂರ್ತಿಯನ್ನು ಊರವರು ಯಾಕೆ ಬಿಟ್ಟುಕೊಡುವುದಿಲ್ಲ, ವೀರಗಲ್ಲಿಗೆ ಎಣ್ಣೆ ಸುರಿಯಬೇಡಿ ಎಂದರೆ ಯಾಕೆ ಸಿಟ್ಟಾಗುತ್ತಾರೆ ಎಂಬ ಮಾತು ಬರುವುದು ಊಟದ ಎಲೆಯ ಮುಂದೆ. ಇವು ಆಡಳಿತದ ತೊಡಕುಗಳಂತೆ ಕಂಡರೂ ಬುಡದಲ್ಲಿರುವುದು ತತ್ತ್ವದ ಪ್ರಶ್ನೆ: ಕಲ್ಲಿನಲ್ಲಿ ದೇವರಿರುವುದು ಹೇಗೆ, ಇದ್ದರೆ ಹೋಗುವುದು ಯಾವಾಗ?

ಬೆಂಗಳೂರಿನ ಶಂಕರಪುರಂನಲ್ಲಿ ಈ ಪ್ರಶ್ನೆಯ ಎರಡೂ ತುದಿಗಳನ್ನು ನಡೆದೇ ಮುಟ್ಟಬಹುದು. ಶೃಂಗೇರಿ ಶಂಕರಮಠ ಇರುವುದು ಇಲ್ಲಿ. ಅಲ್ಲಿ ಮೂರ್ತಿಗೆ ನಿತ್ಯಪೂಜೆ. ಪಕ್ಕದ ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿ 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿದೆ. ಅದು ಶಾಸನಶಾಸ್ತ್ರದ ತರಗತಿಗಳನ್ನೂ ನಡೆಸಿಕೊಂಡು ಬಂದಿದೆ. ಒಂದು ಕಡೆ ಕಲ್ಲಿಗೆ ಅಭಿಷೇಕ, ಇನ್ನೊಂದು ಕಡೆ ಅದೇ ಬಗೆಯ ಕಲ್ಲಿನಿಂದ ತೆಗೆದ ಪಡಿಯಚ್ಚಿನ ಓದು. ಒಂದೇ ಮನೆಯವರು ಬೆಳಿಗ್ಗೆ ಅಲ್ಲಿಗೂ ಸಂಜೆ ಇಲ್ಲಿಗೂ ಹೋಗಿಬರುವುದುಂಟು, ಅವರಿಗೆ ಯಾವ ವಿರೋಧವೂ ಕಾಣುವುದಿಲ್ಲ. ವಿರೋಧ ಕಾಣುವುದು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. 1865ರಲ್ಲಿ ಆರಂಭವಾಗಿ 1877ರಲ್ಲಿ ಈಗಿನ ಕೆಂಪು ಕಟ್ಟಡಕ್ಕೆ ಬಂದ ಈ ಸಂಸ್ಥೆಯಲ್ಲಿ ಆತಕೂರಿನ ಶಾಸನವಿದೆ.

ಆ ಕಲ್ಲಿನ ಕತೆ ಕನ್ನಡಿಗರಿಗೆ ಅಪರಿಚಿತವಲ್ಲ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧ ನಡೆಯಿತು. ಕೃಷ್ಣನ ಕಡೆಯ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ಯೋಧನಿಗೆ ಬೇಕಾದದ್ದು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಹಂದಿಗಳ ಹೋರಾಟದ ಚಿತ್ರವಿದೆ. ಇತಿಹಾಸದ ಪುಸ್ತಕಗಳು ತಕ್ಕೋಲದ ಯುದ್ಧಕ್ಕಾಗಿ ಈ ಶಾಸನವನ್ನು ಉಲ್ಲೇಖಿಸಿ ಮುಂದೆ ಸಾಗುತ್ತವೆ. ಆದರೆ ಶಾಸನದಲ್ಲಿ ಇನ್ನೊಂದು ಮಾತಿದೆ: ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಗಲುತ್ತದೆ. ಅಂದರೆ ಇದು ಬರೀ ನೆನಪಿನ ಕಲ್ಲಲ್ಲ. ದಿನದಿನವೂ ಒಬ್ಬ ಮನುಷ್ಯನಿಂದ ಪೂಜೆಯನ್ನು ಕೇಳುವ ಕಲ್ಲು. ವಸ್ತುಸಂಗ್ರಹಾಲಯ ಕಲ್ಲನ್ನು ತಂದಿತು, ಅಕ್ಷರವನ್ನು ತಂದಿತು. ಗೊರವನ ಕೆಲಸವನ್ನು ತರಲು ಅದಕ್ಕೆ ಆಗಲಿಲ್ಲ, ತರಬೇಕೆಂದು ಯಾರಿಗೂ ಅನಿಸಲೂ ಇಲ್ಲ.

ಮೂರ್ತಿಯಲ್ಲಿ ಸಾನ್ನಿಧ್ಯ ಬರುತ್ತದೆ, ಹೋಗುತ್ತದೆ ಎಂಬುದನ್ನು ಆಗಮಗಳೂ ಪುರಾಣಗಳೂ ಒಪ್ಪುತ್ತವೆ. ಶಿಲ್ಪಿಯ ಕೈಯಿಂದ ಬಂದ ಕಲ್ಲು ಪ್ರಾಣಪ್ರತಿಷ್ಠೆಯಾಗುವವರೆಗೆ ಕಲ್ಲೇ. ಗಣೇಶನ ಹಬ್ಬದಲ್ಲಿ ಮಣ್ಣಿನ ಮೂರ್ತಿಗೆ ಆವಾಹನೆ ಮಾಡಿ, ವಿಸರ್ಜನೆಯ ಮಂತ್ರ ಹೇಳಿದ ಮೇಲೆ ನೀರಿಗೆ ಬಿಡುವ ಮನೆಗಳಲ್ಲಿ ಈ ತತ್ತ್ವವನ್ನು ಮಕ್ಕಳಿಗೂ ವಿವರಿಸಬೇಕಾಗಿಲ್ಲ. ಅಗ್ನಿಪುರಾಣದ ಜೀರ್ಣೋದ್ಧಾರದ ಭಾಗ ಹಳತಾಗಿ ಭಿನ್ನವಾದ ಮೂರ್ತಿಗೂ ಇದೇ ದಾರಿ ಹೇಳುತ್ತದೆ: ಮರದ್ದಾದರೆ ಸುಡಬೇಕು, ಕಲ್ಲಿನದಾದರೆ ನೀರಿಗೆ ಬಿಡಬೇಕು. ಈ ನಿಯಮವನ್ನು ಅಕ್ಷರಶಃ ಪಾಲಿಸಿದ್ದರೆ ವಸ್ತುಸಂಗ್ರಹಾಲಯಗಳ ಶಿಲ್ಪಶಾಲೆಗಳು ಅರ್ಧ ಖಾಲಿಯಿರುತ್ತಿದ್ದವು. ಕೆರೆ ಬಾವಿಗಳ ಹೂಳು ತೆಗೆಯುವಾಗ ಮೂರ್ತಿ ಸಿಕ್ಕಾಗಲೆಲ್ಲ ಅದನ್ನು ದಾಳಿಗೆ ಹೆದರಿ ಬಚ್ಚಿಟ್ಟದ್ದು ಎಂದೇ ಬರೆಯುವ ಅಭ್ಯಾಸವನ್ನೂ ಈ ನಿಯಮದ ಬೆಳಕಿನಲ್ಲಿ ತಿದ್ದಿಕೊಳ್ಳಬೇಕು. ಕೆಲವನ್ನಾದರೂ ವಿಧಿಪೂರ್ವಕವಾಗಿ ಬೀಳ್ಕೊಟ್ಟಿರಬಹುದು.

ಹೋದ ಸಾನ್ನಿಧ್ಯ ಮರಳಿ ಬರುವುದಕ್ಕೂ ದಾರಿಯಿದೆ. 1791ರಲ್ಲಿ ಮರಾಠಾ ಸೈನ್ಯದ ಕಡೆಯವರು ಶೃಂಗೇರಿಯನ್ನು ಕೊಳ್ಳೆ ಹೊಡೆದಾಗ ಶಾರದೆಯ ಮೂರ್ತಿ ಸ್ಥಾನಭ್ರಷ್ಟವಾಯಿತು. ಪುನಃಪ್ರತಿಷ್ಠೆಗೆ ನೆರವು ಕೊಟ್ಟವನು ಟಿಪ್ಪು ಸುಲ್ತಾನ್. ಅವನು ಮಠಕ್ಕೆ ಬರೆಸಿದ ಕನ್ನಡ ಪತ್ರಗಳನ್ನು 1916ರಲ್ಲಿ ಶೃಂಗೇರಿಯಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್. ದೇವರಿಗೆ ಪುನಃಪ್ರತಿಷ್ಠೆ ಮಾಡಿದ ಮಠವೇ ಆ ಕಾರ್ಯದ ಕಾಗದವನ್ನೂ ಕಾಪಾಡಿಕೊಂಡಿತ್ತು. ಮಠಗಳು ಇತಿಹಾಸದ ಬಗ್ಗೆ ಉದಾಸೀನವೆಂಬ ಸಿದ್ಧ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಮೇಲುಕೋಟೆಯ ಪರಂಪರೆ ಇನ್ನೊಂದು ದಿಕ್ಕಿನಿಂದ ಮಾತಾಡುತ್ತದೆ. ಅಲ್ಲಿನ ಉತ್ಸವಮೂರ್ತಿ ಚೆಲುವಪಿಳ್ಳೆ ದೆಹಲಿಯ ಸುಲ್ತಾನನ ಅರಮನೆ ಸೇರಿ, ರಾಜಕುಮಾರಿಯ ಆಟದ ಗೊಂಬೆಯಾಗಿತ್ತಂತೆ. ರಾಮಾನುಜರು ಹೋಗಿ ಕರೆದಾಗ ನಡೆದು ಬಂದು ಅವರ ತೊಡೆಯೇರಿತಂತೆ. ಇತಿಹಾಸಕಾರ ಇದನ್ನು ಐತಿಹ್ಯವೆಂದೇ ದಾಖಲಿಸಬೇಕು. ಆದರೆ ಐತಿಹ್ಯದೊಳಗಿನ ತತ್ತ್ವ ಸ್ಪಷ್ಟ. ಶ್ರೀವೈಷ್ಣವರಿಗೆ ಅರ್ಚೆ ಎಂಬುದು ಭಗವಂತ ತಾನಾಗಿ ಇಳಿದು ಬಂದ ಅವತಾರ. ಸುಲ್ತಾನನ ಭಂಡಾರದಲ್ಲಿ ಪೂಜೆಯಿಲ್ಲದೆ ಬಿದ್ದಿದ್ದರೂ ಅದು ದೇವರೇ, ಆಡುವ ಹುಡುಗಿಯ ಕೈಯಲ್ಲೂ ದೇವರೇ. ಅವಳೂ ಭಕ್ತೆಯಾಗಿ ಬೀಬಿ ನಾಚ್ಚಿಯಾರ್ ಎಂಬ ಹೆಸರಿನಲ್ಲಿ ಅವನ ಸನ್ನಿಧಿಯಲ್ಲಿ ನೆಲೆಗೊಂಡಳಂತೆ. ಈ ದೃಷ್ಟಿಯಿಂದ ನೋಡಿದರೆ ವಸ್ತುಸಂಗ್ರಹಾಲಯದ ಮೂರ್ತಿ ಸೆರೆಯಲ್ಲಿರುವ ದೇವರು. ಮಾಧ್ವರು ಇಷ್ಟು ದೂರ ಹೋಗುವುದಿಲ್ಲ: ಪ್ರತಿಮೆ ಬೇರೆ, ಅದರಲ್ಲಿ ಸನ್ನಿಹಿತನಾದ ಹರಿ ಬೇರೆ; ಪ್ರತಿಮೆಯನ್ನೇ ದೇವರೆಂದು ತಿಳಿಯುವುದು ತಪ್ಪು ತಿಳಿವಳಿಕೆ. ಜೈನರ ಜಿನ ಮುಕ್ತನಾದವನು, ಮೂರ್ತಿಯಲ್ಲಿ ಬಂದು ಕೂರುವವನಲ್ಲ. ಆದರೂ ಶ್ರವಣಬೆಳಗೊಳದ ಗೊಮ್ಮಟನಿಗೆ 2018ರಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವೊಂದರ ನೆತ್ತಿಯ ಮೇಲೆ ಹಾಲು, ಕಬ್ಬಿನ ಹಾಲು, ಅರಿಶಿನ ಸುರಿದವು. ಇನ್ನು ಸ್ಥಾವರವನ್ನೇ ಪ್ರಶ್ನಿಸಿದ ಶರಣರಿಗೆ ಈ ಚರ್ಚೆಯೇ ಅನಗತ್ಯ ಅನಿಸುತ್ತಿತ್ತೇನೋ.

ಶಂಕರರ ಮಾತಿನಲ್ಲಿ ಈ ಪ್ರಶ್ನೆಗೆ ಹೆಚ್ಚು ನಿಖರವಾದ ಉಪಕರಣವಿದೆ. ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ಮೊದಲ ಪಾದದಲ್ಲಿ ಪ್ರತೀಕದ ಚರ್ಚೆ ಬರುತ್ತದೆ. ಆದಿತ್ಯನನ್ನು ಬ್ರಹ್ಮವೆಂದು ಉಪಾಸಿಸಬೇಕೆಂದು ಉಪನಿಷತ್ತು ಹೇಳುತ್ತದೆ. ಹಾಗಾದರೆ ಆದಿತ್ಯನಲ್ಲಿ ಬ್ರಹ್ಮವನ್ನು ಕಾಣಬೇಕೋ, ಬ್ರಹ್ಮದಲ್ಲಿ ಆದಿತ್ಯನನ್ನು ಕಾಣಬೇಕೋ? ಕೆಳಗಿನದರಲ್ಲಿ ಮೇಲಿನದನ್ನು ಕಾಣಬೇಕು ಎಂಬುದು ಸಿದ್ಧಾಂತ. ಭಾಷ್ಯದಲ್ಲಿ ಶಂಕರರು ಕೊಡುವ ನಿದರ್ಶನ ಲೋಕದಿಂದಲೇ ಬಂದದ್ದು: ಸಾರಥಿಯನ್ನು ರಾಜನೆಂದು ಕಂಡರೆ ಸಾರಥಿಗೆ ಹಿರಿಮೆ, ರಾಜನನ್ನು ಸಾರಥಿಯೆಂದು ಕಂಡರೆ ಅನರ್ಥ. ಪ್ರತಿಮೆಯಲ್ಲಿ ವಿಷ್ಣುವನ್ನು ಕಾಣುವುದೂ ಸಾಲಿಗ್ರಾಮದಲ್ಲಿ ಹರಿಯನ್ನು ಕಾಣುವುದೂ ಇದೇ ಬಗೆಯವು. ಕಲ್ಲು ಕಲ್ಲೇ ಎಂಬುದನ್ನು ಅದ್ವೈತಿ ಎಂದೂ ಮರೆತವನಲ್ಲ. ಮುಖ್ಯವಾದದ್ದು ನೋಟ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬುದು.

ವಸ್ತುಸಂಗ್ರಹಾಲಯ ಮಾಡುವುದು ಈ ನೋಟವನ್ನು ತಿರುಗಿಸುವ ಕೆಲಸ. ‘ವಿಷ್ಣು, ಬಳಪದ ಕಲ್ಲು, ಹೊಯ್ಸಳ, 12ನೆಯ ಶತಮಾನ’ ಎಂಬ ಫಲಕ ವಿಷ್ಣುವಿನಿಂದ ಹೊರಟು ಬಳಪದ ಕಲ್ಲಿಗೆ ಬಂದು ನಿಲ್ಲುತ್ತದೆ. ಗರ್ಭಗುಡಿ ಬಳಪದ ಕಲ್ಲಿನಿಂದ ಹೊರಟು ವಿಷ್ಣುವಿಗೆ ಹೋಗುತ್ತಿತ್ತು. ಶಂಕರರ ಮನಸ್ಸಿನಲ್ಲಿ ವಸ್ತುಸಂಗ್ರಹಾಲಯ ಇರಲಿಲ್ಲ, ಅವರ ಮಾತನ್ನು ಇಲ್ಲಿಗೆ ಎಳೆದು ತಂದಿದ್ದು ಈಗಿನ ಅಗತ್ಯ. ಹಾಗೆ ತಂದಾಗ ಒಂದು ವಿಷಯ ತಿಳಿಯಾಗುತ್ತದೆ: ನೋಟ ತಿರುಗಿದ್ದರಿಂದ ದೇವರಿಗೆ ಏನೂ ಆಗುವುದಿಲ್ಲ. ಉಪಾಸನೆಯ ಫಲ ತಪ್ಪುವುದು ನೋಡುವವನಿಗೆ. ಇದನ್ನು ಪಾಪವೆಂದು ಕರೆಯಬೇಕಾಗಿಲ್ಲ, ನಷ್ಟವೆಂದು ಒಪ್ಪಿಕೊಂಡರೆ ಸಾಕು.

ನೋಟ ತಿರುಗಿದಾಗ ಲಾಭವೂ ಉಂಟು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಪೀಠವಾಗಿದ್ದ ಚಪ್ಪಡಿಯನ್ನು ನೋಡಿದರೆ ಅದರ ಮೇಲೆ ಬ್ರಾಹ್ಮಿ ಅಕ್ಷರ: ಅಶೋಕನ ಶಾಸನ. ದೇವಿಯನ್ನು ನಿಲ್ಲಿಸಲು ಹಿಂದೆ ಯಾರೋ ಅದರ ನಡುವೆ ತೂತು ಕೊರೆದು ಕೆಲವು ಅಕ್ಷರಗಳನ್ನು ಕಳೆದಿದ್ದರು. ಎಷ್ಟೋ ಕಾಲ ಪೂಜೆಯ ಅಡಿಯಲ್ಲಿದ್ದ ಕಲ್ಲು ಚರಿತ್ರೆಗೆ ಸಿಕ್ಕಿದ್ದು ಪೂಜೆ ನಿಂತ ದಿನ. ಅಲ್ಲಿ ಸಿಕ್ಕವುಗಳಲ್ಲಿ ಅಶೋಕನ ಹನ್ನೆರಡನೆಯ ಬಂಡೆಶಾಸನವೂ ಒಂದು. ಅನ್ಯರ ಪಂಥಗಳನ್ನು ಗೌರವಿಸಬೇಕೆಂಬುದು ಅದರ ವಿಷಯ. ಮೂಡುಬಿದಿರೆಯಲ್ಲಿ ನೋಟದ ಈ ತಿರುವು ಯಾವ ಕೇಡೂ ಇಲ್ಲದೆ ನಡೆಯಿತು. ಧವಳಾ ಎಂಬ ಜೈನ ಟೀಕೆಯ ತಾಳೆಗರಿಗಳು ಅಲ್ಲಿನ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನದ ವಸ್ತುವಾಗಿದ್ದವು. ಕೈಮುಗಿದವರು ಬಹಳ, ಓದಿದವರು ಇಲ್ಲವೆನ್ನುವಷ್ಟು ಕಡಿಮೆ. ಪ್ರತಿ ಮಾಡಲು ಒಪ್ಪಿಗೆ ಸಿಕ್ಕಿ, 1939ರಿಂದ ಗ್ರಂಥ ಅಚ್ಚಾಗತೊಡಗಿತು. ಪಾಠ ವಿದ್ವಾಂಸರಿಗೆ ದಕ್ಕಿತು, ಗರಿಗಳು ಬಸದಿಯ ಗೌರವದಲ್ಲೇ ಉಳಿದವು. ಪಡಿಯಚ್ಚು, ಛಾಯಾಚಿತ್ರ, ಈಗಿನ ಮೂರು ಆಯಾಮದ ಸ್ಕ್ಯಾನ್ ಇವೆಲ್ಲ ಮಾಡುವುದೂ ಇದನ್ನೇ: ಅಕ್ಷರವನ್ನು ಕಲ್ಲಿನಿಂದ ಬಿಡಿಸಿ ತೆಗೆದುಕೊಂಡು, ಕಲ್ಲನ್ನು ಊರಿಗೆ ಬಿಡುವುದು.

ಕಾನೂನು ಈ ವಿಷಯದಲ್ಲಿ ತತ್ತ್ವಶಾಸ್ತ್ರಕ್ಕಿಂತ ಧೈರ್ಯವಾಗಿ ಮಾತಾಡಿದೆ. ಕಲ್ಕತ್ತೆಯ ಮಲ್ಲಿಕ್ ಕುಟುಂಬದ ಮನೆದೇವರ ವ್ಯಾಜ್ಯದಲ್ಲಿ 1925ರಲ್ಲಿ ಪ್ರಿವಿ ಕೌನ್ಸಿಲ್, ಮೂರ್ತಿ ಬೇಕಾದಲ್ಲಿಗೆ ಎತ್ತಿಕೊಂಡು ಹೋಗುವ ಸಾಮಾನಲ್ಲ, ತಾನು ಎಲ್ಲಿರಬೇಕೆಂಬ ಬಗ್ಗೆ ಅದರ ಇಚ್ಛೆಯನ್ನೂ ಕೇಳಬೇಕು ಎಂದಿತು. ತಮಿಳುನಾಡಿನ ಪತ್ತೂರಿನ ಕಂಚಿನ ನಟರಾಜ ಲಂಡನ್ನಿನಲ್ಲಿ ಪೊಲೀಸರ ವಶವಾದಾಗ, ಪಾಳುಬಿದ್ದ ದೇವಾಲಯವೂ ದಾವೆ ಹೂಡಬಹುದೆಂದು ಇಂಗ್ಲೆಂಡಿನ ನ್ಯಾಯಾಲಯ ಒಪ್ಪಿತು. 1991ರಲ್ಲಿ ನಟರಾಜ ಮರಳಿದ. ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿ 1986ರಲ್ಲಿ ಅಂಗೀಕರಿಸಿ 2004ರಲ್ಲಿ ಪರಿಷ್ಕರಿಸಿದ ನೀತಿಸಂಹಿತೆಯೂ ಪವಿತ್ರ ವಸ್ತುಗಳನ್ನು ಆಯಾ ಸಮುದಾಯದ ನಂಬಿಕೆಗೆ ಹೊಂದುವಂತೆ ಇಡಬೇಕೆನ್ನುತ್ತದೆ. ಕಾಗದದ ಮೇಲೆ ಇವೆಲ್ಲ ಚೆನ್ನಾಗಿವೆ. ಬಗೆಹರಿಯದ ವಿಷಯವೆಂದರೆ ಸಮುದಾಯ ಯಾವುದು ಎಂಬುದು. ಹತ್ತನೆಯ ಶತಮಾನದ ಗೊರವರ ಸಮುದಾಯವನ್ನು ಇಂದು ಯಾರು ಪ್ರತಿನಿಧಿಸುತ್ತಾರೆ? ಬೇಟೆನಾಯಿಯ ಕಲ್ಲಿಗಾಗಿ ಯಾವ ಜಾತಿ, ಯಾವ ಮಠ ಅರ್ಜಿ ಹಾಕೀತು?

ವಸ್ತುಸಂಗ್ರಹಾಲಯದಲ್ಲಿ ಪೂಜೆ ಆರಂಭಿಸುವುದು ಇದಕ್ಕೆ ಉತ್ತರವಲ್ಲ. ಒಂದು ಮೂರ್ತಿಗೆ ಮಂಗಳಾರತಿಯಾದರೆ ಪಕ್ಕದ ಬುದ್ಧನಿಗೆ, ಜಿನನಿಗೆ, ಮಾಸ್ತಿಕಲ್ಲಿಗೆ ಯಾಕಿಲ್ಲ ಎಂಬ ಜಗಳ ಮರುದಿನವೇ ಶುರುವಾಗುತ್ತದೆ. ಎಣ್ಣೆ ಕುಂಕುಮಗಳು ಕಲ್ಲಿಗೆ ಮಾಡುವ ಹಾನಿ ಬೇರೆ. ಹಾಗೆಂದು ಶಿಲ್ಪಶಾಲೆಯಲ್ಲಿ ಕೈಮುಗಿದ ಅಜ್ಜಿಯನ್ನು ಕಾವಲುಗಾರ ಗದರಿಸುವುದಕ್ಕೂ ಕಾರಣವಿಲ್ಲ. ಆಕೆ ನೋಟವನ್ನು ಮೊದಲಿನ ದಿಕ್ಕಿಗೆ ತಿರುಗಿಸುತ್ತಿದ್ದಾಳೆ, ಅಷ್ಟೇ. ಸಂಸ್ಥೆ ತನ್ನಿಂದ ಆಗುವುದನ್ನು ಮಾಡಬಹುದು. ಕಲ್ಲು ಮೊದಲು ಎಲ್ಲಿ ನಿಂತಿತ್ತು, ಯಾರು ಪೂಜಿಸುತ್ತಿದ್ದರು, ಪೂಜೆ ಯಾವಾಗ ನಿಂತಿತು, ಯಾರು ಯಾವ ವರ್ಷ ತಂದರು ಎಂಬುದನ್ನು ಎತ್ತರ ಅಗಲಗಳ ಜೊತೆಗೇ ಫಲಕದಲ್ಲಿ ಬರೆಯಬೇಕು. ಇಂಥ ಫಲಕಕ್ಕೆ ಬೇಕಾದ ಸಂಶೋಧನೆ ಇತಿಹಾಸಕಾರರದು, ಬರೆಯುವ ಜಾಗ ವಸ್ತುಸಂಗ್ರಹಾಲಯದವರದು. ಇಬ್ಬರೂ ಸೇರುವ ಸಮ್ಮೇಳನಗಳಿಗೆ ಇದಕ್ಕಿಂತ ದೊಡ್ಡ ಕೆಲಸ ಇರಲಾರದು.

ಆತಕೂರು ಇಂದಿನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಗೂರು. ಕಾಳಿಯ ಕಲ್ಲಿನ ಪೂಜೆಗೆಂದು ಬಿಟ್ಟ ಭೂಮಿ ಇರುವುದು ಅಲ್ಲಿ. ಕಲ್ಲು ಇರುವುದು ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ.