ನೆರೆಮನೆಯ ನಿದ್ದೆ

ಸಿದ್ದಾಪುರದ ಸುತ್ತಮುತ್ತ ರಾತ್ರಿಯ ಮನರಂಜನೆಯೆಂದರೆ ಕ್ಲಬ್ಬುಗಳಲ್ಲ. ಕಮಲಶಿಲೆ, ಮಂದಾರ್ತಿ ಮೇಳಗಳ ಯಕ್ಷಗಾನ. ಸಂಗೀತ ಧರ್ಮಸಮ್ಮತವೇ ಎಂಬುದು ವಿದ್ವಾಂಸರ ಹಳೆಯ ಚರ್ಚೆ. ಅದಕ್ಕೂ ಮುಂಚೆ ಕೇಳಬೇಕಾದದ್ದು ನೆರೆಯವರ ನಿದ್ದೆಯ ಪ್ರಶ್ನೆ. 2000ದ ಶಬ್ದಮಾಲಿನ್ಯ ನಿಯಮ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನ ಧ್ವನಿವರ್ಧಕವನ್ನು ನಿರ್ಬಂಧಿಸಿದೆ. ಇದರಿಂದಾಗಿ 2022ರಲ್ಲಿ ಕಟೀಲು ಮೇಳಗಳು ಕಾಲಮಿತಿಗೆ ಹೊರಳಿದಾಗ ಭಕ್ತರಿಗೆ ನೋವಾಯಿತು. ಆ ನೋವನ್ನು ಲಘುವಾಗಿ ಕಾಣಬಾರದು.

ಆದರೆ ನಮ್ಮ ಮೆಹಂದಿ ರಾತ್ರಿಗಳು? ಹನ್ನೆರಡಾದರೂ ಧ್ವನಿಪೆಟ್ಟಿಗೆ ನಿಲ್ಲದು. ನೆರೆಯವರ ಹಕ್ಕನ್ನು ಪ್ರವಾದಿ(ಸ) ಎಷ್ಟು ಒತ್ತಿ ಹೇಳಿದರೆಂದು ಮಿಂಬರಿನಿಂದ ಕೇಳುತ್ತಲೇ ಇದ್ದೇವೆ. ಗೋಡೆಯಾಚೆ ಮುಂಜಾನೆಯ ಬಸ್ಸು ಹಿಡಿಯಬೇಕಾದ ಕೂಲಿಯಾಳು, ಪರೀಕ್ಷೆಗೆ ಹೋಗಬೇಕಾದ ಹುಡುಗಿ ಎದ್ದು ಕೂತಿರುತ್ತಾರೆ. ದಾಕ್ಷಿಣ್ಯಕ್ಕೆ ದೂರುವುದಿಲ್ಲ, ನಾವು ಅದನ್ನೇ ಒಪ್ಪಿಗೆಯೆಂದು ಎಣಿಸುತ್ತೇವೆ. ಹತ್ತಕ್ಕೆ ಪೆಟ್ಟಿಗೆ ಮುಚ್ಚಿದರೆ ಮದುಮಗಳ ಸಂತೋಷಕ್ಕೇನೂ ಕೊರತೆಯಾಗದು. ದಫ್ ಬಡಿಯಲು ಕರೆಂಟು ಬೇಕಿಲ್ಲವಲ್ಲ!