ತಾಳ್ಮೆ ಯಾರ ಸ್ವತ್ತು?

ಮಳೆಗಾಲ ಮುಗಿಯುವ ಹೊತ್ತಿಗೆ ವಿಜಯಪುರ ಜಿಲ್ಲೆಯ ಇಂಡಿ ಸೀಮೆಯಲ್ಲಿ ಲಿಂಬೆ ಗಿಡಗಳಿಗೆ ನೀರು ನಿಲ್ಲಿಸುತ್ತಾರೆ. ಎಲೆ ಬಾಡಿ, ಒಂದಿಷ್ಟು ಉದುರುವವರೆಗೂ ಗಿಡ ಬಾಯಾರಿ ನಿಲ್ಲಬೇಕು. ಆಮೇಲೆ ಗೊಬ್ಬರ ಹಾಕಿ ನೀರು ಬಿಟ್ಟರೆ ಮೈತುಂಬ ಹೂವು. ಇದು ಹಸ್ತ ಬಹಾರ್. ಹಸ್ತ ಮಳೆಯ ಸುಮಾರಿಗೆ ಹೂ ಕಟ್ಟಿದರೆ ಕಾಯಿ ಬೇಸಿಗೆಗೆ ಸಿಗುತ್ತದೆ. ಲಿಂಬೆಗೆ ದರ ಇರುವುದೂ ಆಗಲೇ. ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಹೆಚ್ಚಿನ ಹೂವು ಜನವರಿ–ಫೆಬ್ರುವರಿಯಲ್ಲಿ ಬಂದು, ಫಸಲು ಮಳೆಗಾಲದಲ್ಲಿ ಕೈಗೆ ಬರುತ್ತದೆ. ಆಗ ಶರಬತ್ತು ಯಾರಿಗೂ ಬೇಡ. ಇಷ್ಟಾಗಿ, ನೀರು ನಿಲ್ಲಿಸಬೇಕಾದ ಸೆಪ್ಟೆಂಬರ್ ಆ ಜಿಲ್ಲೆಗೆ ಮಳೆಯ ತಿಂಗಳು. ಬರದ ನಾಡಿನಲ್ಲಿ ಗಿಡವನ್ನು ಬಾಯಾರಿಸುವುದಕ್ಕೂ ಅದೃಷ್ಟ ಬೇಕು!

ಇಷ್ಟೆಲ್ಲ ಮಾಡಿ ಬೇಸಿಗೆಗೆ ಕಾಯಿ ಬರಿಸಿದವರಿಗೆ 2020 ಏನು ಮಾಡಿತೆಂದು ನೋಡಿ. ಮಾರ್ಚ್ 25ಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಹೋಟೆಲ್ ಇಲ್ಲ, ಮದುವೆ ಇಲ್ಲ, ಜಾತ್ರೆ ಇಲ್ಲ, ಬೀದಿಯಲ್ಲಿ ಸೋಡಾ ಗಾಡಿ ಇಲ್ಲ. ಊರೂರಿಗೆ ಲಾರಿ ಓಡುವುದೂ ಕಷ್ಟವಾಯಿತು. ಅದೇ ದಿನಗಳಲ್ಲಿ ಮನೆಮನೆಯಲ್ಲಿ ವಿಟಮಿನ್ ಸಿ ಮಾತು, ಬೆಳಗೆದ್ದು ಬಿಸಿನೀರಿಗೆ ಲಿಂಬೆ ಹಿಂಡುವ ಉಪದೇಶ. ಬೇಕೆನ್ನುವವರು ಒಂದು ಕಡೆ, ಬೆಳೆದವರು ಇನ್ನೊಂದು ಕಡೆ, ನಡುವೆ ದಾರಿ ಇರಲಿಲ್ಲ.

ಅಂಥ ವರ್ಷಗಳ ಬಗ್ಗೆ ನಾವು ಹೇಳುವ ಸಮಾಧಾನದ ಮಾತು ಒಂದಿದೆ: ತಾಳಿದವನು ಬಾಳಿಯಾನು. ಗಾದೆ ಸುಳ್ಳಲ್ಲ. ಆದರೆ ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದರ ಮೇಲೆ ಅದರ ನ್ಯಾಯ ನಿಂತಿದೆ. ಲಿಂಬೆ ಬೆಳೆಗಾರನಿಗೆ ತಾಳ್ಮೆಯ ಪಾಠ ಬೇಕಿಲ್ಲ. ಸಸಿ ನೆಟ್ಟು ನಾಲ್ಕೈದು ವರ್ಷ ಕಾದ ಮೇಲೆ ಅವನು ಮೊದಲ ಫಸಲು ಕಂಡವನು. ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್ ನೀರು ತರಿಸಿ ಗಿಡ ಉಳಿಸಿಕೊಂಡವನು. ವರ್ಷಗಟ್ಟಲೆ ಕಾಯಬಲ್ಲ ಅವನು ಕಾಯಿ ಬಿಡಿಸಿದ ಮೇಲೆ ಒಂದು ವಾರ ಕಾಯಲಾರ. ಇಲ್ಲಿನ ಕಾಗಜಿ ಲಿಂಬೆಯ ಸಿಪ್ಪೆ ಹೆಸರಿಗೆ ತಕ್ಕಂತೆ ಕಾಗದದ ಹಾಗೆ ತೆಳು. ಬಿಸಿಲಿಗೆ ಬೇಗ ಹಳದಿಯಾಗಿ ಬಾಡುತ್ತದೆ. ಚೀಲ ತುಂಬಿ ಎಪಿಎಂಸಿಗೆ ಹೋದವನು ಸವಾಲಿನಲ್ಲಿ ಕೂಗಿದ ದರ ಒಪ್ಪಬೇಕು, ಇಲ್ಲವೇ ಬಾಡಿಗೆ ಕೊಟ್ಟು ಮನೆಗೆ ವಾಪಸ್ ತರಬೇಕು. ಕೊಳ್ಳುವವನಿಗೆ ಇದು ಗೊತ್ತು. ಅವನ ಚೌಕಾಸಿಯ ಅರ್ಧ ಬಲ ಇದೇ.

ಇಂಡಿಯ ರೈತ ತೊಗರಿಯನ್ನೂ ಬೆಳೆಯುತ್ತಾನೆ. ತೊಗರಿಗೆ ಬೆಂಬಲ ಬೆಲೆ ಇದೆ. ದರ ಬಿದ್ದರೆ ಉಗ್ರಾಣದಲ್ಲಿಟ್ಟು ಅಡಮಾನ ಸಾಲ ತೆಗೆಯಬಹುದು, ಏನಿಲ್ಲವೆಂದರೂ ಮನೆಯಲ್ಲೇ ಚೀಲ ಪೇರಿಸಬಹುದು. ಅದೇ ರೈತ, ಅದೇ ಹೊಲ, ಅದೇ ಸ್ವಭಾವ. ತೊಗರಿಯ ಮುಂದೆ ಧೈರ್ಯಸ್ಥನಾಗಿರುವವನು ಲಿಂಬೆಯ ಮುಂದೆ ಕಂಗೆಡುತ್ತಾನೆ. ಹಾಗಾದರೆ ನಾವು ಮೆಚ್ಚುವ ತಾಳ್ಮೆಯಲ್ಲಿ ಮನಸ್ಸಿನ ಪಾಲೆಷ್ಟು, ಉಗ್ರಾಣದ ಪಾಲೆಷ್ಟು? ಕಾಯಬಲ್ಲವನನ್ನು ಜಾಣ ಎನ್ನುತ್ತೇವೆ, ಕಾಯಲಾರದೆ ಮಾರಿದವನನ್ನು ಆತುರಗಾರ ಎನ್ನುತ್ತೇವೆ. ಒಬ್ಬನ ಆಸ್ತಿಗೆ ಗುಣದ ಹೆಸರಿಟ್ಟು, ಇನ್ನೊಬ್ಬನ ಇಕ್ಕಟ್ಟಿಗೆ ದೋಷದ ಹೆಸರಿಟ್ಟ ಹಾಗಾಯಿತಲ್ಲ!

ಕಾಯುವುದಕ್ಕೆ ಉಗ್ರಾಣ ಬೇಕೆಂಬುದು ಹಳಬರಿಗೆ ತಿಳಿದಿತ್ತೋ ಏನೋ. ಲಿಂಬೆಗೆ ಉಪ್ಪು ಬೆರೆಸಿ ಭರಣಿಗೆ ತುಂಬಿ ಅದಕ್ಕೂ ಕಾಯುವುದನ್ನು ಕಲಿಸಿದರು. ಆದರೆ ಉಪ್ಪಿನಕಾಯಿಯ ಲಾಭ ಭರಣಿ ಇದ್ದವನಿಗೆ. ಸಾವಿರಗಟ್ಟಲೆ ಕಾಯಿಯನ್ನು ಒಂದು ಕುಟುಂಬ ಉಪ್ಪಿಗೆ ಹಾಕಲಾರದು.

2022ರ ಏಪ್ರಿಲ್‌ನಲ್ಲಿ ಪೇಟೆಯಲ್ಲಿ ಒಂದೊಂದು ಲಿಂಬೆಗೆ ಹತ್ತು ರೂಪಾಯಿ ಆಯಿತು. ಪತ್ರಿಕೆ, ಟಿವಿ, ಮೊಬೈಲ್, ಎಲ್ಲೆಲ್ಲೂ ಅದೇ ಗದ್ದಲ, ಅದೇ ನಗೆಚಟಾಕಿ. ದರ ಏರಿದ್ದು ಕಾಯಿ ಕಡಿಮೆ ಇದ್ದುದರಿಂದ. ಗಿಡ ಬರಿದಾಗಿದ್ದ ತೋಟದವನಿಗೆ ಆ ಹತ್ತು ರೂಪಾಯಿಯಲ್ಲಿ ಪಾಲಿರಲಿಲ್ಲ. ಮಳೆಗಾಲದಲ್ಲಿ ದರ ಕುಸಿದು, ಬಿಡಿಸುವ ಕೂಲಿಯೂ ಹುಟ್ಟದೆ ಕಾಯಿ ಗಿಡದಡಿಯಲ್ಲೇ ಕೊಳೆಯುವಾಗ ಅಂಥ ಗದ್ದಲ ಕೇಳಿದ ನೆನಪು ನನಗಿಲ್ಲ. ನಮಗೆ ನೋವಾದಾಗ ಮಾತ್ರ ಅದು ಬೆಲೆಯ ಸಮಸ್ಯೆ.

ಇಂಡಿಯಲ್ಲಿ ಲಿಂಬೆ ಅಭಿವೃದ್ಧಿ ಮಂಡಳಿ ಇದೆ. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಸಂತೋಷವೇ. ಆದರೆ ಮಾನ್ಯತೆ ಕಾಯಿಯ ಆಯುಷ್ಯವನ್ನು ಒಂದು ದಿನವೂ ಹೆಚ್ಚಿಸದು. ಬೇಗ ಕೆಡುವ ಬೆಳೆಗಳಿಗೆಂದು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಇದೆ: ದರ ಬಿದ್ದಾಗ ರಾಜ್ಯ ಕೇಳಬೇಕು, ಕೇಂದ್ರ ಒಪ್ಪಬೇಕು, ನಷ್ಟವನ್ನು ಇಬ್ಬರೂ ಹಂಚಿಕೊಳ್ಳಬೇಕು. ಬರಹದಲ್ಲಿ ಚೆನ್ನಾಗಿದೆ. ಕಡತಕ್ಕೆ ಮಾತ್ರ ಬೇಕಾದಷ್ಟು ತಾಳ್ಮೆ. ಅದರ ಮೇಲೂ ಒಂದು ವಾರದ ಗಡುವು ಬರೆದರೆ ತಪ್ಪೇನು? ನಷ್ಟದ ಲೆಕ್ಕ ಬರೆಯುವಾಗ, ಮುಳ್ಳಿನ ನಡುವೆ ಕೈಯಿಟ್ಟು ಕಾಯಿ ಬಿಡಿಸುವ ಹೆಣ್ಣುಮಕ್ಕಳ ಕೂಲಿಯನ್ನೂ ಸೇರಿಸಬೇಕು. ಮಾಲೀಕ ಈ ಸಲ ಬಿಡಿಸುವುದು ಬೇಡ ಎಂದಾಗ ಅವರಿಗೆ ವಾರದ ಗಡುವೂ ಇಲ್ಲ, ಅಂದಿನ ಕೂಲಿ ಅಂದೇ ಹೋಯಿತು.